ಕೆಂಪು ತಲೆಯ ಸರಳುಗಳು

ಫೆಬ್ರವರಿ ೧೧, ಭಾನುವಾರ

ಮಗಳೇ,

ಕುರ್ಚಿಯ ಜೊತೆಗೆ ನೀನು ಕಳುಹಿಸಿದ್ದ ಚೀಟಿಗೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಪುರಸೊತ್ತು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈಗ ಈ ಮನೆಯಲ್ಲಿ ಇರುವುದೆಲ್ಲ ಪುರಸೊತ್ತೇ, ಬಾಗಿಲು ತಟ್ಟುವವರಿಲ್ಲ. ಮನಸ್ಸು ಒಂದು ಹದಕ್ಕೆ ಬರಲಿ ಎಂದು ಕಾದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೀಯೆ. ಪತ್ರವನ್ನು ಹಾಗೆ ಕತ್ತರಿಸಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಯಾರಾದರೂ ಒಮ್ಮೆ ಓದಿಯೇ ಓದುತ್ತಾರೆ.

ಇಬ್ಬರೂ ಕ್ಷೇಮ ಎಂದು ಬರೆಯುವುದು ರೂಢಿ. ನನ್ನ ಮಟ್ಟಿಗೆ ಅದು ನಿಜ.

ನಿನಗೆ ಇನ್ನೊಂದು ನದಿಯ ಕೆಲಸವನ್ನು ಒಪ್ಪಿಸಿದ್ದಾರೆಂದು, ಈ ಬಾರಿ ನೀನೇ ಮುಖ್ಯಸ್ಥೆಯೆಂದು ನಿನ್ನ ಸಹಾಯಕ ಎಂಜಿನಿಯರ್ ಬಂದು ತಿಳಿಸಿದರು. ಅಭಿನಂದನೆಗಳು. ಅದನ್ನು ನಿನ್ನ ಬಾಯಿಂದಲೇ ಕೇಳಿದ್ದರೆ ಚೆನ್ನಾಗಿತ್ತು ಎನ್ನುವ ಆಸೆಯನ್ನು ಬಿಟ್ಟುಬಿಟ್ಟಿದ್ದೇನೆ. ಸುದ್ದಿ ಕೇಳಿದೊಡನೆ ಅಪ್ಪ ಎದ್ದು ಹೋಗಿ ಅಂಗಿ ಬದಲಾಯಿಸಿಕೊಂಡು ಬಂದರು. ಯಾರಿಗಾದರೂ ಹೇಳಿ ಬರಬೇಕೆನ್ನಿಸಿರಬೇಕು. ಹೊಸ್ತಿಲವರೆಗೆ ಹೋಗಿ, ಬೀದಿಯ ಆ ತುದಿ ಈ ತುದಿ ನೋಡಿ, ಒಳಗೆ ಬಂದು ಮತ್ತೆ ಹಳೆಯ ಅಂಗಿಯನ್ನೇ ಹಾಕಿಕೊಂಡರು.

ಕುರ್ಚಿ ತಲುಪಿದೆ. ಒಬ್ಬ ಬಡಗಿಯ ಮನೆಗೆ ಅಂಗಡಿಯ ಕುರ್ಚಿ ಕಳುಹಿಸುವುದಕ್ಕೆ ಬೇಕಾಗುವ ಧೈರ್ಯವನ್ನು ನೀನು ಎಲ್ಲಿ ಕಲಿತೆ ಎಂದು ನಾನು ಯೋಚಿಸುತ್ತಿದ್ದರೆ, ಅಪ್ಪ ಅದನ್ನು ತಲೆಕೆಳಗೆ ಮಾಡಿ, ಅಡಿಯ ಸ್ಕ್ರೂಗಳನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿ, "ಎಲ್ಲ ಬಿಗಿಯಾಗಿದೆ ಟೀಚರೇ. ಇದರಲ್ಲಿ ಬಡಿಯೋ ಕೆಲಸ ಇಲ್ಲ," ಅಂದರು. ನಿನಗೆ ಗೊತ್ತಲ್ಲ, ಮದುವೆಯಾದಂದಿನಿಂದ ಅವರು ನನ್ನನ್ನು ಹಾಗೇ ಕರೆಯುವುದು. ಈಗ ದಿನವಿಡೀ ಅದರಲ್ಲೇ ಕೂತಿರುತ್ತಾರೆ. ಅಪ್ಪ ಇನ್ನು ಆರಾಮಾಗಿ ಕೂರಲಿ ಎಂದು ಚೀಟಿಯಲ್ಲಿ ಬರೆದಿದ್ದೆಯಲ್ಲ, ನಿನ್ನ ಇಷ್ಟ ನೆರವೇರಿದೆ.

ಈಗ ವಿಚಾರಣೆಯ ಸುದ್ದಿ. ನೀನು ಬರಲಿಲ್ಲವಾದ್ದರಿಂದ ತಿಳಿಸುವ ಕರ್ತವ್ಯ ನನ್ನದು. ನಿಮ್ಮ ಇಲಾಖೆಯ ವರದಿಯಲ್ಲಿ ಎಲ್ಲವೂ ಒಂದೇ ವಾಕ್ಯವಾಗಿ ಮುಗಿದಿದೆ. ಪುರಸಭೆಯ ಹಲಗೆಗೆ ಅಂಟಿಸಿರುವುದನ್ನು ನಾನೇ ನಿಂತು ಓದಿದೆ. ನಾನು ಮೊದಲಿನಿಂದಲೇ ಬರೆಯುತ್ತೇನೆ. ಏಕೆಂದರೆ ಇದರಲ್ಲಿ ನಿನಗೆ ಗೊತ್ತಿರುವುದು ಎಷ್ಟು, ಗೊತ್ತಿಲ್ಲದ್ದು ಎಷ್ಟು, ಗೊತ್ತಿದ್ದೂ ಮರೆತದ್ದು ಎಷ್ಟು ಎಂದು ಹೇಳುವ ಶಕ್ತಿ ನನಗೆ ಉಳಿದಿಲ್ಲ.

ಹೋದ ವರ್ಷದ ಹಿಂದಿನ ಬೇಸಗೆಯಲ್ಲಿ ನೀನು ಇಲ್ಲಿಗೆ ಬಂದಿದ್ದಾಗ ಊಟದ ಮೇಜಿನ ಮೇಲೆ ಕಂಪ್ಯೂಟರನ್ನು ತೆರೆದಿಟ್ಟು ನನಗೆ ನದಿಯನ್ನು ತೋರಿಸಿದೆ. ನಮ್ಮ ಹಿತ್ತಿಲ ಹಿಂದೆ ಹರಿಯುವ ಇದೇ ನದಿ. ಪರದೆಯ ಮೇಲೆ ಅದರ ದಂಡೆಗಳಿಗೆ ಕೆಂಪು, ಹಳದಿ, ಹಸಿರು ಬಣ್ಣ. ಕೆಳಗಿನ ಪಟ್ಟಣದವರು ಕುಡಿಯುವುದು ಈ ನೀರನ್ನೇ. ಮರಳು ತೊಟ್ಟಿಯ ತಳಕ್ಕೆ ಇಳಿದುಬಿಡುತ್ತದೆ, ಜೇಡಿಮಣ್ಣು ಇಳಿಯುವುದಿಲ್ಲ. ನೀರಿನಲ್ಲೇ ತೇಲಿಕೊಂಡು ಬಂದು ಸೋಸುವ ತೊಟ್ಟಿಗಳು ಕಟ್ಟಿಕೊಳ್ಳುವಂತೆ ಮಾಡುತ್ತದೆ ಎಂದು ವಿವರಿಸಿದೆ. ಯಾವ ದಂಡೆ ಎಷ್ಟು ಕೊರೆದುಹೋಗುತ್ತದೆ, ಅದರಿಂದ ಎಷ್ಟು ಜೇಡಿ ಹೊರಡುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಹೇಳುವ ಮಾದರಿಯನ್ನು ನೀನು ಕಟ್ಟುತ್ತಿದ್ದೆ. ಅದಕ್ಕೆ ಅಳತೆ ಬೇಕಿತ್ತು. ದಂಡೆಯ ಮೈಯೊಳಗೆ ಕಬ್ಬಿಣದ ಸರಳುಗಳನ್ನು ಅಡ್ಡಡ್ಡಲಾಗಿ, ತಲೆ ಮಾತ್ರ ಕಾಣುವಂತೆ ಹೊಡೆಸುವುದು; ಮಣ್ಣು ಎಷ್ಟು ಕೊಚ್ಚಿಹೋಗುತ್ತದೆಯೋ ಅಷ್ಟು ಉದ್ದಕ್ಕೆ ಸರಳು ಹೊರಗೆ ಚಾಚುತ್ತದೆ; ತಿಂಗಳಿಗೊಮ್ಮೆ ಬಂದು ಅದನ್ನು ಅಳೆದುಕೊಂಡು ಹೋಗುವುದು. ನೀನು ಎಷ್ಟು ಚೆನ್ನಾಗಿ ವಿವರಿಸಿದೆಯೆಂದರೆ, ನನ್ನ ಮಗಳು ನನಗಿಂತ ಒಳ್ಳೆಯ ಶಿಕ್ಷಕಿಯಾಗುತ್ತಿದ್ದಳು ಎಂದು ಅಂದುಕೊಂಡೆ.

ಅಪ್ಪ ಆಗ ಮುಂದಿನ ಕೋಣೆಯಲ್ಲಿ ಒಂದು ಕಿಟಕಿಯ ಚೌಕಟ್ಟನ್ನು ಕೀಸುತ್ತಿದ್ದರು. ಮಾತು ಕೇಳಿ ಬಾಗಿಲಿಗೆ ಬಂದು, "ಏನಮ್ಮಾ ಪುಟ್ಟಿ, ಹೊಳೆಗೇ ಬಣ್ಣ ಹಚ್ಚಿಬಿಟ್ಟಿದೀಯಲ್ಲ!" ಅಂದರು. ನೀನು ಪರದೆಯಿಂದ ಕಣ್ಣು ಕೀಳದೆ, "ಅಪ್ಪಾ, ಮೈಯೆಲ್ಲ ಮರದ ಹೊಟ್ಟು. ಕಂಪ್ಯೂಟರ್ ಹತ್ರ ಬರಬೇಡಿ," ಅಂದೆ. ಅವರು ನಕ್ಕು, ಹೊಟ್ಟು ಉದುರದಂತೆ ಕೈಗಳನ್ನು ಮೈಗೆ ಒತ್ತಿಕೊಂಡು ಹಿಂದಕ್ಕೆ ಹೋದರು. ನಾವು ಮಾತು ಮುಂದುವರಿಸಿದೆವು.

ಮರುದಿನ ಸರಳುಗಳು ಬಂದವು. ಎಲ್ಲವೂ ನಮ್ಮ ಹಿತ್ತಿಲಿನ ಹಿಂದಿನ ದಂಡೆಗೇ. "ನಮ್ಮದೇ ಜಾಗ, ಬೇರೆಯವರ ಒಪ್ಪಿಗೆ ಕೇಳುವ ಕಷ್ಟ ಇಲ್ಲ," ಎಂದು ನೀನೇ ಹೇಳಿದ್ದೆ. ಸರಳು ಹೊಡೆಸುವ ಜಾಗದ ಮನೆಯವರಿಗೆಲ್ಲ ವಿಷಯ ತಿಳಿಸಿ, ತಿಳಿಸಿದ್ದೇನೆಂದು ಇಲಾಖೆಗೆ ಮಾತು ಕೊಡಬೇಕೆಂಬ ನಿಯಮವಿತ್ತು. ನೀನು ಮಾತು ಕೊಟ್ಟೆ. ಮನೆಯವರು ಎಂದರೆ ನಾನೊಬ್ಬಳೇ ಎಂದು ನೀನು ಎಣಿಸಿದ್ದೆ ಎಂಬುದು ಆಗ ನನ್ನ ಗಮನಕ್ಕೂ ಬರಲಿಲ್ಲ. ನಾನೂ ಅವರಿಗೆ ಹೇಳಲಿಲ್ಲ. ಅದು ಓದಿದ ಇಬ್ಬರು ಹೆಂಗಸರ ನಡುವಿನ ಮಾತೆಂದು ನನಗೆ ಒಳಗೊಳಗೇ ಹಿತವಾಗಿತ್ತು.

ಹೊರಗೆ ಚಾಚಿದ ಮೊಳೆ ಕಂಡರೆ ನಿನ್ನ ಅಪ್ಪನ ಕೈ ಏನು ಮಾಡುತ್ತದೆ ಎಂದು ಈ ಬೀದಿಯ ನಾಯಿಗೂ ಗೊತ್ತು. ನೆಂಟರ ಮನೆಯಲ್ಲಿ ಕೂತಾಗಲೂ ಬೆಂಚಿನ ಮೊಳೆಯನ್ನು ಕಲ್ಲಿನಿಂದ ಬಡಿದು ಕೂರಿಸಿದವರು ಅವರು. ಸರಳುಗಳು ದಂಡೆಯನ್ನು ಹಿಡಿದು ನಿಲ್ಲಿಸಲು ಹೊಡೆದ ಮೊಳೆಗಳೆಂದು, ಮರ ಒಣಗಿದಾಗ ಮೊಳೆ ಸಡಿಲವಾಗುವಂತೆ ಇವೂ ಸಡಿಲವಾಗಿ ಹೊರಬರುತ್ತಿವೆಯೆಂದು ಅವರು ತಿಳಿದರು. ಎಂಜಿನಿಯರ್ ಅಳತೆಗೆ ಬರುವ ಹಿಂದಿನ ದಿನ ತಪ್ಪದೆ ಹಿತ್ತಿಲಿಗೆ ಹೋಗಿ, ದಂಡೆಗಿಳಿದು, ಎಲ್ಲ ಸರಳುಗಳನ್ನೂ ಮತ್ತೆ ತಲೆಮಟ್ಟಕ್ಕೆ ಬಡಿದರು. ನೀನು ಹಚ್ಚಿಸಿದ ಕೆಂಪು ಬಣ್ಣ ಕೆಡಬಾರದೆಂದು ನಡುವೆ ಒಂದು ಮರದ ತುಂಡನ್ನು ಇಟ್ಟು ಬಡಿದರು. ಮಗಳ ಕೆಲಸವನ್ನು ನೋಡಲು ಬರುವವರಿಗೆ ಅದು ಅಚ್ಚುಕಟ್ಟಾಗಿ ಕಾಣಬೇಕಿತ್ತು. ಸುತ್ತಿಗೆಯ ಸದ್ದು ನನಗೆ ಕೇಳಿಸಿರಲೇಬೇಕು. ಈ ಮನೆಯಲ್ಲಿ ಸುತ್ತಿಗೆಯ ಸದ್ದಿಲ್ಲದ ದಿನ ಯಾವುದಿತ್ತು? ಅದು ನನ್ನ ಕಿವಿಗೆ ಬೀಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಎಂಜಿನಿಯರ್ ಪ್ರತಿ ತಿಂಗಳೂ ಬಂದು, ಒಂದಿಷ್ಟೂ ಹೊರಗೆ ಚಾಚದ ಸರಳುಗಳನ್ನು ನೋಡಿ, ಟೀ ಕುಡಿದು ಹೋದರು. ನಿನ್ನ ಮಾದರಿ ನಮ್ಮ ದಂಡೆಗೆ ಹಸಿರು ಬಣ್ಣ ಕೊಟ್ಟಿತು, ಜೇಡಿಯೆಲ್ಲ ಎದುರು ದಂಡೆಯ ತಿರುವಿನಿಂದ ಬರುತ್ತಿದೆ ಎಂದು ಹೇಳಿತು. ಎದುರು ದಂಡೆಗೆ ಕಲ್ಲು ಕಟ್ಟಿಸಿದಿರಿ. ಹೊಳೆ ತುಂಬಿದಾಗ ನೀರು ಆ ಕಲ್ಲಿಗೆ ಬಡಿದು, ತಿರುಗಿ, ಇತ್ತ ಬಂತು. ಮುಂದಿನದು ನಿನಗೆ ಗೊತ್ತಿದೆ. ನಮ್ಮ ಹಿತ್ತಿಲು ಹೋಯಿತು. ಪಕ್ಕದ ಇಸ್ತ್ರಿಯಕ್ಕನ ಮನೆ ಇಡಿಯಾಗಿ ಹೋಯಿತು. ಇಸ್ತ್ರಿಗೆಂದು ಊರವರು ಕೊಟ್ಟಿದ್ದ ಬಟ್ಟೆಗಂಟುಗಳೂ ಅದರೊಂದಿಗೆ ಹೋದವು. ಆ ಜೇಡಿಯೆಲ್ಲ ಪಟ್ಟಣಕ್ಕೆ ಇಳಿದು, ತೊಟ್ಟಿಗಳು ಕಟ್ಟಿಕೊಂಡು, ಹೆರಿಗೆ ಆಸ್ಪತ್ರೆಗೆ ಬಕೆಟ್ಟಿನಲ್ಲಿ ನೀರು ಹೊತ್ತರಂತೆ. ಯಾರನ್ನು ಕಾಪಾಡಲೆಂದು ನೀನು ವರ್ಷಗಟ್ಟಲೆ ದುಡಿದೆಯೋ ಅವರೇ ನಲ್ಲಿಯ ಮುಂದೆ ನಿಂತು ನಿನ್ನನ್ನು ಬೈದರು. ಆಗ ನನಗೆ ನಿನ್ನ ಬಗ್ಗೆ ಮರುಕ ಹುಟ್ಟಿತ್ತು. ಅದನ್ನೂ ಬರೆದಿಡಬೇಕು.

ವಿಷಯ ಹೊರಬಿದ್ದದ್ದು ಹೇಗೆಂದು ಎಂಜಿನಿಯರ್ ನಿನಗೆ ಹೇಳಿದ್ದಾರೋ ಇಲ್ಲವೋ ತಿಳಿಯದು. ನೀರು ಇಳಿದ ಮೇಲೆ ಅವರು ಹಿತ್ತಿಲಿದ್ದ ಜಾಗದಲ್ಲಿ ಕೆಸರಿನಲ್ಲಿ ನಿಂತು, ಮುರಿದ ದಂಡೆಯಿಂದ ಜೋಲುತ್ತಿದ್ದ ಒಂದು ಸರಳನ್ನು ನೋಡುತ್ತಿದ್ದರು. ಅಪ್ಪ ಮೇಲಿನಿಂದ ಕೂಗಿದರು: "ನಾನು ಪ್ರತಿ ತಿಂಗಳೂ ಬಿಗಿ ಮಾಡ್ತಾನೇ ಇದ್ದೆ ಸಾರ್. ಒಂದನ್ನೂ ಸಡಿಲ ಬಿಟ್ಟಿಲ್ಲ. ಮೊಳೆ ಸ್ವಲ್ಪ ಗಿಡ್ಡ ಆಯ್ತು. ಮುಂದಿನ ಸಲ ಇನ್ನೂ ಉದ್ದದ್ದು ಹಾಕಿಸಿ ಅಂತ ನಿಮ್ಮ ಮೇಡಂಗೆ ಹೇಳಿ."

ಎಂಜಿನಿಯರ್ ಮುಖ ಬಿಳಿಚಿಕೊಂಡದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ಕಂಡೆ. "ಏನಂದ್ರಿ ಯಜಮಾನ್ರೇ?" ಎಂದು ಅವರು ಕೇಳಿದರು. ಅಪ್ಪ ಅದೇ ಮಾತನ್ನು ಇನ್ನಷ್ಟು ಹೆಮ್ಮೆಯಿಂದ ಮತ್ತೆ ಹೇಳಿದರು.

ಆಮೇಲೆ ನೀನು ಫೋನ್ ಮಾಡಿದೆ. ಅಂದಿನ ನಿನ್ನ ಮಾತುಗಳು ಹಾಗೆಯೇ ನೆನಪಿವೆ. "ಅಪ್ಪ ಸಭೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿಬಿಡಲಿ ಅಮ್ಮ. ನಾನೇ ಬಡಿದದ್ದು ಅಂತ. ಅವರಿಗೆ ವಯಸ್ಸಾಗಿದೆ, ಯಾರೂ ಏನೂ ಮಾಡಲ್ಲ. ನನಗೆ ಇನ್ನೂ ಕೆಲಸ ಮಾಡಬೇಕಾದ ಕಾಲ ಇದೆ." ನೀನೂ ಬರುತ್ತೀಯಾ ಎಂದು ಕೇಳಿದೆ. "ನಾನು ಬಂದ್ರೆ ಚೆನ್ನಾಗಿರಲ್ಲ. ಸಂಬಂಧ ಎತ್ತಿ ಆಡ್ಕೋತಾರೆ." ಸಂಬಂಧವನ್ನು ಎತ್ತುವುದು ನಿನಗೆ ಇಷ್ಟವಿರಲಿಲ್ಲ. ಒಪ್ಪಿದೆ.

ಅಪ್ಪನನ್ನು ಒಪ್ಪಿಸುವ ಕಷ್ಟವೇ ಬರಲಿಲ್ಲ. ನೀವು ಬಡಿದದ್ದರಿಂದಲೇ ಹೀಗಾಯಿತು ಎಂದು ನಾನೇ ತಿಳಿಸಿದೆ. ಹೇಗಾಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ, "ನಾನು ಹೇಳಿದರೆ ಪುಟ್ಟಿ ಕೆಲಸ ಉಳಿಯುತ್ತಾ?" ಎಂದರು. ಉಳಿಯುತ್ತದೆ ಎಂದೆ. "ಹಾಗಾದ್ರೆ ಏನು ಹೇಳಬೇಕೋ ಕಲಿಸು."

ಕಲಿಸಿದೆ. ಮಗ್ಗಿ ಕಲಿಸಿದಂತೆ ಕಲಿಸಿದೆ. ಸರಳುಗಳನ್ನು ಬಡಿದವನು ನಾನು. ಅವು ದಂಡೆಯನ್ನು ಹಿಡಿದು ನಿಲ್ಲಿಸಿವೆ ಎಂದು ಭಾವಿಸಿದ್ದೆ. ಇದು ನನ್ನ ಮಗಳಿಗೆ ತಿಳಿದಿರಲಿಲ್ಲ. ಇಷ್ಟೇ ಪಾಠ.

"ಭಾವಿಸಿದ್ದೆ ಅಂದ್ರೆ ಅನ್ಕೊಂಡಿದ್ದೆ ಅಂತಾನಾ? ಅನ್ಕೊಂಡಿದ್ದೆ ಅಂದ್ರೆ ಆಗಲ್ವಾ ಟೀಚರೇ?"

"ಸಭೆಯಲ್ಲಿ ಆಗುವುದಿಲ್ಲ."

"ಮೊಳೆ ಅನ್ನಲಾ, ಸರಳು ಅನ್ನಲಾ?"

"ಸರಳು. ಮೊಳೆ ಅಂದರೆ ನಗುತ್ತಾರೆ."

ಅವರು ಅಂಗಳದಲ್ಲಿ ಆ ಕಡೆ ಈ ಕಡೆ ನಡೆಯುತ್ತ ಬಾಯಿಪಾಠ ಮಾಡಿದರು. ತಪ್ಪಿದಾಗಲೆಲ್ಲ ನಾನು ಒಳಗಿನಿಂದಲೇ ತಿದ್ದಿದೆ. ಕೊನೆಗೆ ಒಂದೂ ತಪ್ಪಿಲ್ಲದೆ ಒಪ್ಪಿಸಿ, "ಪಾಸಾ?" ಎಂದು ಕೇಳಿದರು. ಪಾಸು ಎಂದೆ.

ವಿಚಾರಣೆ ನಡೆದದ್ದು ನಮ್ಮ ಶಾಲೆಯ ಸಭಾಂಗಣದಲ್ಲಿ. ನಾನು ಎಷ್ಟೋ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ನೆಲದ ಮೇಲೆ ಬೀದಿಯ ಮಂದಿಯೆಲ್ಲ ಕಾಲು ಚಾಚಿ ಕೂತಿದ್ದರು. ಕೆಲವರಿಗೆ ಬೆಂಚಿತ್ತು. ವಿಚಾರಣಾಧಿಕಾರಿ ತಾಳ್ಮೆಯ ಮನುಷ್ಯ; ಮಾತು ಸ್ಪಷ್ಟ, ಉಚ್ಚಾರಣೆ ಶುದ್ಧ. ನಿನ್ನ ಪರವಾಗಿ ಎಂಜಿನಿಯರ್ ನಿನ್ನ ಹೇಳಿಕೆಯನ್ನು ಓದಿದರು. ಅದರಲ್ಲಿ ನಿನ್ನ ಅಪ್ಪ "ಒಬ್ಬ ನಿವಾಸಿ" ಆಗಿದ್ದರು. ವ್ಯಾಕರಣದ ದೃಷ್ಟಿಯಿಂದ ಯಾವ ದೋಷವೂ ಇರಲಿಲ್ಲ.

"ಆ ನಿವಾಸಿ ಯಾರು?" ಎಂದು ಅಧಿಕಾರಿ ಕೇಳಿದರು.

ಎಂಜಿನಿಯರ್ ತಡವರಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ನಿವೃತ್ತ ಬಸ್ ಕಂಡಕ್ಟರ್, "ಮೇಡಂ ಅವರ ಅಪ್ಪ ಸ್ವಾಮಿ! ಮನೆಯವರದೇ ಟಿಕೆಟ್ಟು!" ಎಂದು ಕೂಗಿದ. ಸಭೆ ನಕ್ಕಿತು. ಅಪ್ಪನೂ ನಕ್ಕರು. ನಗು ತನ್ನ ಮೇಲೆಂದು ಅವರಿಗೆ ತಡವಾಗಿ ಹೊಳೆಯಿತು.

ಅವರು ಎದ್ದು ನಿಂತು ನಾನು ಕಲಿಸಿದ್ದನ್ನು ಒಪ್ಪಿಸಿದರು. ಭಾವಿಸಿದ್ದೆ ಎಂದೇ ಹೇಳಿದರು, ಸರಳು ಎಂದೇ ಹೇಳಿದರು. ಒಂದು ಅಕ್ಷರವೂ ತಪ್ಪಲಿಲ್ಲ. ನನಗೆ ಉಸಿರು ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಹಳ ಮೃದುವಾಗಿ ಕೇಳಿದರು: "ಹಿರಿಯರೇ, ಒಂದು ಮಾತು. ಈ ಸರಳುಗಳು ಯಾತಕ್ಕೆ ಅಂತ ನಿಮಗೆ ಮೊದಲೇ ಯಾರಾದರೂ ಹೇಳಿದ್ರಾ? ನಿಯಮದ ಪ್ರಕಾರ ಹೇಳಬೇಕಿತ್ತು. ಹೇಳಿದ್ದೇವೆ ಅಂತ ಇಲಾಖೆಯವರು ಮಾತು ಕೊಟ್ಟಿದ್ದಾರೆ. ಹೇಳಿರದಿದ್ದರೆ ತಪ್ಪು ನಿಮ್ಮದಲ್ಲ, ಅವರದು."

ಎಂಜಿನಿಯರ್ ನೆಲ ನೋಡುತ್ತಿದ್ದರು. ಪಾಠದಲ್ಲಿ ಇಲ್ಲದ ಪ್ರಶ್ನೆ ಬಂದಾಗ ಹುಡುಗರು ನನ್ನ ಕಡೆ ನೋಡುತ್ತಿದ್ದರಲ್ಲ, ಹಾಗೆ ಅಪ್ಪ ನನ್ನ ಕಡೆ ನೋಡಿದರು. ಇಲ್ಲ ಎಂಬ ಒಂದು ಮಾತು ಸಾಕಿತ್ತು. ಅದು ನಿಜವೂ ಆಗಿತ್ತು. ಆ ಮಾತಿನಿಂದ ಅವರು ತಲೆ ಎತ್ತಿಕೊಂಡು ಮನೆಗೆ ಬರುತ್ತಿದ್ದರು. ನೀನು ಕೆಲಸ ಕಳೆದುಕೊಂಡು ಮನೆಗೆ ಹೋಗಬೇಕಾಗುತ್ತಿತ್ತು.

ನಾನು ತಲೆ ಅಲ್ಲಾಡಿಸಲಿಲ್ಲ. ಕಣ್ಣನ್ನೂ ಮಿಟುಕಿಸಲಿಲ್ಲ. ಸೀರೆಯ ಅಂಚನ್ನು ನೋಡುತ್ತ ಕೂತೆ.

"ಹೇಳಿದ್ಲು," ಅಂದರು ಅಪ್ಪ. "ಮಗಳು ಕೂರಿಸಿಕೊಂಡು ಹೇಳಿದ್ಲು."

"ಏನು ಹೇಳಿದ್ರು?"

"ಮುಟ್ಟಬೇಡಿ ಅಂದ್ಲು."

"ಮತ್ತೆ ಯಾಕೆ ಮುಟ್ಟಿದ್ರಿ?"

"ಮೊಳೆ ಹೊರಗೆ ಬಂದ್ರೆ ನನ್ನ ಕೈ ಸುಮ್ನಿರಲ್ಲ ಸ್ವಾಮಿ."

ಮೊಳೆ ಎಂದುಬಿಟ್ಟರು. ನಾನು ಹೇಳಿದ್ದಂತೆಯೇ ಸಭೆ ನಕ್ಕಿತು. ಆದರೆ ಈ ನಗು ಅರ್ಧಕ್ಕೇ ನಿಂತಿತು, ಏಕೆಂದರೆ ಇಸ್ತ್ರಿಯಕ್ಕ ಎದ್ದಿದ್ದಳು. ಮೈಮೇಲೆ ಯಾರೋ ಕೊಟ್ಟ ಸೀರೆ, ಅದರ ಮೇಲೆ ಯಾರದೋ ಗಂಡನ ಸ್ವೆಟರು. ಅವಳು ಅಪ್ಪನನ್ನು ಮಾವ ಎಂದು ಕರೆಯುವುದು ನಿನಗೆ ನೆನಪಿರಬೇಕು.

"ಗೊತ್ತಿದ್ದೂ ಬಡಿದ್ರಾ ಮಾವ?"

ಅಪ್ಪ ಅಧಿಕಾರಿಯ ಕಡೆಗೇ ಮುಖ ಮಾಡಿ ನಿಂತಿದ್ದರು.

"ನಿಮ್ಮನ್ನೇ ಕೇಳ್ತಿರೋದು. ಗೊತ್ತಿಲ್ಲದೆ ಮಾಡಿದ್ರಿ ಅಂತ ಇಷ್ಟು ದಿನ ಎಲ್ಲರ ಹತ್ರ ನಿಮ್ಮ ಪರ ಜಗಳ ಆಡ್ತಿದ್ದೆ. ಪಾಪ, ಮಾವನಿಗೆ ಏನು ಗೊತ್ತು ಅಂತಿದ್ದೆ. ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ನನ್ನ ಮದುವೆಗೆ ನೀವೊಂದು ಮಂಚ ಮಾಡಿಕೊಟ್ಟಿದ್ರಿ," ಅಂದಳು ಅವಳು, ಕೂಗದೆ, ಲೆಕ್ಕ ಒಪ್ಪಿಸುವವಳ ಹಾಗೆ. "ಮನೆ ಹೋದಾಗ ಅದೊಂದು ಹೋಯಿತಲ್ಲ ಅಂತ ಅತ್ತಿದ್ದೆ. ಹೋದದ್ದೇ ಒಳ್ಳೇದಾಯ್ತು. ಇದ್ದಿದ್ರೆ ಅದರ ಮೇಲೆ ಮಲಗಬೇಕಾಗ್ತಿತ್ತು."

ಅಧಿಕಾರಿ ಇನ್ನೇನೂ ಕೇಳಲಿಲ್ಲ. ನಿನ್ನ ಮೇಲೆ ಯಾವ ದೋಷವೂ ಇಲ್ಲವೆಂದು ಅಂದೇ ಹೇಳಿದರು. ಹಲಗೆಯ ಮೇಲಿನ ವಾಕ್ಯ ಇದು: ತಿಳಿವಳಿಕೆ ನೀಡಿದ್ದರೂ ಒಬ್ಬ ನಿವಾಸಿಯು ಉದ್ದೇಶಪೂರ್ವಕವಾಗಿ ಅಳತೆಯ ಸರಳುಗಳನ್ನು ಕೆಡಿಸಿದ್ದೇ ಅನಾಹುತಕ್ಕೆ ಕಾರಣ. ಹೆಸರು ಹಾಕಿಲ್ಲ, ಹಾಕುವ ಅಗತ್ಯವೂ ಇಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಅಪ್ಪ, "ಕೊನೇ ಪ್ರಶ್ನೆ ನೀನು ಕಲಿಸಿರಲಿಲ್ಲ ಟೀಚರೇ. ನಾನೇ ಬರೆದೆ. ಪಾಸಾ?" ಎಂದು ಕೇಳಿದರು. ನಾನು ಬೇಗ ಬೇಗ ನಡೆದೆ.

ಬೀದಿಯ ಸುದ್ದಿ ಕೇಳು. ಕಂಡಕ್ಟರ್ ತನ್ನ ಮನೆಯ ಬೀರುವಿನ ಕೆಲಸವನ್ನು ವಾಪಸ್ಸು ತೆಗೆದುಕೊಂಡಿದ್ದಾನೆ. ಹಲಗೆಗಳನ್ನು ಕೀಸಿ ಮುಗಿಸಿಯಾಗಿತ್ತು. "ಬೇಡ ಬಿಡಿ ಸುತ್ತಿಗೆಯವರೇ, ಎಲ್ಲಿ ಬಡಿಯಬಾರದು ಅಂತ ಹೇಳಿದರೂ ಬಡಿದುಬಿಡ್ತೀರಿ," ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದ. ಅಂದಿನಿಂದ ಸುತ್ತಿಗೆಯವರು ಎಂಬುದೇ ಹೆಸರು. ಅಪ್ಪ ಕಿಟಕಿಯಲ್ಲಿ ಕಂಡರೆ ಶಾಲೆಗೆ ಹೋಗುವ ಮಕ್ಕಳು ಬೇಲಿಯ ಮೇಲೆ ಕೋಲಿನಿಂದ ಟಕ್ ಟಕ್ ಎಂದು ಬಡಿಯುತ್ತಾರೆ. ನಾನು ಹೊರಗೆ ಬಂದರೆ ನಿಲ್ಲಿಸಿ ನಮಸ್ಕಾರ ಮಾಡುತ್ತಾರೆ. ನನ್ನ ಮೇಲೆ ಯಾರಿಗೂ ಸಿಟ್ಟಿಲ್ಲ. ಇಂಥ ಗಂಡನನ್ನು ಕಟ್ಟಿಕೊಂಡು, ಒಬ್ಬಳೇ ಮಗಳನ್ನು ಅಷ್ಟು ಎತ್ತರಕ್ಕೆ ಓದಿಸಿದ ತಾಯಿ ಎಂದು ಅಂಗಡಿಯಲ್ಲಿ ನನಗೆ ಸಾಲು ಬಿಟ್ಟುಕೊಡುತ್ತಾರೆ. ನಾನು ಸಾಲು ಬಿಟ್ಟು ಮುಂದೆ ಹೋಗಿ ಸಾಮಾನು ತೆಗೆದುಕೊಂಡು ಬರುತ್ತೇನೆ.

ಇಸ್ತ್ರಿಯಕ್ಕನಿಗೆ ಶಾಲೆಯ ಹಳೆಯ ತರಗತಿಯೊಂದನ್ನು ಬಿಟ್ಟುಕೊಟ್ಟಿದ್ದಾರೆ. ಬೀರುವಿಗೆಂದು ಕೀಸಿಟ್ಟಿದ್ದ ಹಲಗೆಗಳಿಂದ ಅಪ್ಪ ಅವಳಿಗೊಂದು ಇಸ್ತ್ರಿ ಮೇಜು ಮಾಡಿದರು. ಒಂದೇ ಒಂದು ಮೊಳೆ ಹಾಕದೆ, ಬರೀ ಮರಕ್ಕೆ ಮರ ಕಚ್ಚು ಕೂಡಿಸಿ ಮಾಡಿದ್ದು. ನಾನು ಅವರನ್ನು ಮದುವೆಯಾದ ಮೇಲೆ ನೋಡಿದ ಕೆಲಸಗಳಲ್ಲೆಲ್ಲ ಅಂದವಾದದ್ದು ಅದೇ. ತಾನು ಹೋದರೆ ತೆಗೆದುಕೊಳ್ಳುವುದಿಲ್ಲವೆಂದು ಕೂಲಿಯವನ ಕೈಯಲ್ಲಿ ಕಳುಹಿಸಿದರು. ಅವಳು ಯಾರು ಮಾಡಿದ್ದೆಂದು ಕೇಳಲೂ ಇಲ್ಲವಂತೆ. ಕಚ್ಚುಗಳನ್ನು ನೋಡಿಯೇ ಗುರುತು ಹಿಡಿದಳು. ಕೊಡಲಿ ತಂದು ಒಡೆದು, ನೀರು ಕಾಯಿಸುವ ಒಲೆಗೆ ಹಾಕಿದಳು. ಅಪ್ಪ ನಮ್ಮ ಕಿಟಕಿಯಿಂದಲೇ ಆ ಹೊಗೆಯನ್ನು ನೋಡುತ್ತ ಕೂತು, "ಒಣ ಮರ. ಚೆನ್ನಾಗಿ ಉರಿಯುತ್ತೆ," ಎಂದರು. ಮರುದಿನ ಹತಾರಗಳನ್ನೆಲ್ಲ ಎಣ್ಣೆ ಹಚ್ಚಿ ಒರೆಸಿ, ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಮುಂದಿನ ಕೋಣೆಯನ್ನು ಗುಡಿಸಿದೆ. ಈಗ ಅಲ್ಲಿ ಎಲ್ಲೂ ಹೊಟ್ಟಿಲ್ಲ. ನೀನು ಕಂಪ್ಯೂಟರನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು.

ನೀನು ಬಂದು ಹೋಗು ಎಂದು ಕರೆಯಲು ಈ ಪತ್ರ ಬರೆಯುತ್ತಿಲ್ಲ. ನೀನು ಬಂದರೆ ಇಲ್ಲಿ ಎಲ್ಲರೂ ನಿನ್ನೊಂದಿಗೆ ಚೆನ್ನಾಗಿಯೇ ಮಾತಾಡುತ್ತಾರೆ. ಅದನ್ನು ನಾನು ಪಕ್ಕದಲ್ಲಿ ನಿಂತು ನೋಡಬೇಕಾಗುತ್ತದೆ. ಅಪ್ಪ ಒಳಗೆ ಕೂತು ಕೇಳಿಸಿಕೊಳ್ಳಬೇಕಾಗುತ್ತದೆ. ನಿನ್ನ ಮಾದರಿಯಲ್ಲಿ ತಪ್ಪಿರಲಿಲ್ಲವೆಂದು ಎಂಜಿನಿಯರ್ ಹೇಳಿದರು. ನಮ್ಮ ದಂಡೆಯ ಸರಿಯಾದ ಅಳತೆಯನ್ನು ಅಂದಾಜಿಸಿ ಕೊಟ್ಟಾಗ ಅದು ಹಿತ್ತಿಲು ಬೀಳುವ ಜಾಗವನ್ನೂ ಸರಿಯಾಗಿ ತೋರಿಸಿತಂತೆ, ಇಸ್ತ್ರಿಯಕ್ಕನ ಅಡುಗೆಮನೆಯವರೆಗೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಸಂತೋಷವಿತ್ತು. ನಾನೂ ಸಂತೋಷಪಟ್ಟೆ. ನಿನ್ನ ಕೆಲಸ ಶುದ್ಧವಾಗಿರಬೇಕೆಂದೇ ನಾನು ನಿನ್ನನ್ನು ಬೆಳೆಸಿದ್ದು.

ಹೊಸ ನದಿಯ ದಂಡೆಗಳು ನಿನ್ನ ಮಾತನ್ನು ಕೇಳಲಿ. ಅದರ ಕೆಳಗಿನ ಊರಿನವರು ತಿಳಿನೀರು ಕುಡಿಯಲಿ. ಕೆಸರಿನಲ್ಲಿ ಓಡಾಡುವಾಗ ಕಾಲಿಗೆ ಗಟ್ಟಿ ಬೂಟು ಹಾಕಿಕೋ; ಹೊತ್ತಿಗೆ ಸರಿಯಾಗಿ ಊಟ ಮಾಡು. ಆಯಸ್ಸು, ಆರೋಗ್ಯ, ಹೆಸರು ಮೂರೂ ನಿನಗೆ ತುಂಬಿ ಬರಲಿ ಎಂದು ಹರಸುವ,

ನಿನ್ನ ಅಮ್ಮ

ತಾ. ಕ.: ಮೊನ್ನೆ ಮಧ್ಯಾಹ್ನ ಅಪ್ಪ ನಿನ್ನ ಕುರ್ಚಿಯಲ್ಲಿ ಕೂತು ನನ್ನನ್ನು ಕರೆದರು. "ಟೀಚರೇ, ಸಭೆಯಲ್ಲಿ ಪುಟ್ಟಿ ಹೇಳಿದ್ಲು ಅಂತ ಅಂದುಬಿಟ್ಟೆ. ಆ ಸಾಹೇಬರು ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಿಕ್ಕಿಬೀಳ್ತಿದ್ದೆ. ಈಗಲಾದರೂ ಹೇಳು. ಆ ಸರಳು ನಿಜವಾಗಿ ಯಾತಕ್ಕಿದ್ದದ್ದು?"

ಸರಳು ದಂಡೆಯನ್ನು ಹಿಡಿಯುವುದಕ್ಕೆ ಇರಲಿಲ್ಲ, ಮಣ್ಣು ಎಷ್ಟು ಹೋಯಿತೋ ಅಷ್ಟು ಅದು ಹೊರಗೆ ಕಾಣುತ್ತದೆ, ಕಂಡಷ್ಟನ್ನು ಅಳೆಯುತ್ತಾರೆ ಎಂದೆ. ಬಿಸಿ ಟೀ ಲೋಟವನ್ನು ಅವರ ಕೈಗೆ ಕೊಡುತ್ತ ಹೇಳಿದ್ದು. ಅವರು ಲೋಟ ಹಿಡಿದುಕೊಳ್ಳುವಷ್ಟರಲ್ಲಿ ಹೇಳಿ ಮುಗಿದಿತ್ತು.

"ಇಷ್ಟೇನಾ?" ಅಂದರು.

"ಇಷ್ಟೇ."

ಅವರು ಟೀ ಕುಡಿಯಲಿಲ್ಲ. ಲೋಟವನ್ನು ಕೆಳಗಿಟ್ಟು, "ಹೇಳಿದ್ದಿದ್ರೆ ಇದು ನನಗೆ ತಿಳೀತಿತ್ತಲ್ಲ," ಅಂದರು. ಆಮೇಲೆ, "ಪುಟ್ಟಿಗೆ ಇದನ್ನ ಬರೀಬೇಡ. ನೊಂದುಕೊಳ್ತಾಳೆ," ಅಂದರು.

ಬರೆದಿದ್ದೇನೆ.